ಬಣ್ಣದಯ್ಯನ ಹದಿನೆಂಟು ಬಣ್ಣಗಳು

ಒಂದೇ ಮನೆಗೆ ಎರಡು ಸಂಸಾರಗಳು ಒಂದೇ ದಿನ, ಒಂದೇ ಹೊತ್ತಿಗೆ, ಸಾಮಾನು ಸಮೇತ ಬಂದು ಮೆಟ್ಟಿಲ ಮೇಲೆ ಎದುರುಬದುರಾದಾಗ ಬಣ್ಣದಯ್ಯನ ಎಕ್ಸೆಲ್ ಶೀಟಿನ ಮೇಲೆ ಮೊದಲ ಬಾರಿಗೆ ಅನುಮಾನದ ನೆರಳು ಬಿತ್ತು. ಒಂದು ಸಂಸಾರದ ಮಂಚ ಮೆಟ್ಟಿಲ ತಿರುವಿನಲ್ಲಿ ಕಂಬಿಗೆ ಸಿಕ್ಕಿಕೊಂಡಿತ್ತು. ಇನ್ನೊಂದು ಸಂಸಾರದ ಫ್ರಿಜ್ಜು ನಾಲ್ಕನೇ ಮೆಟ್ಟಿಲ ಮೇಲೆ ಎರಡು ಗಂಟೆ ನಿಂತಿತ್ತು. ಇಬ್ಬರ ಕೈಯಲ್ಲೂ ಪತ್ರ, ಎರಡರಲ್ಲೂ ಅದೇ ಮನೆ ನಂಬರು, ಅದೇ ಮೊಹರು, ಅದೇ ಕಾರ್ಯದರ್ಶಿಯ ಸಹಿ. ಮೇಲಿನ ಮಹಡಿಯವರು ಅವತ್ತು ಮಂಚದ ಕೆಳಗೆ ನುಸುಳಿ ಕೆಲಸಕ್ಕೆ ಹೋದರು.

ವಿಚಾರಣೆಯಲ್ಲಿ ತಿಳಿದದ್ದಿಷ್ಟು. ವಸತಿ ಸಂಘದ ಮನೆಗಳ ಪಟ್ಟಿ ಎರಡು ಕಂಪ್ಯೂಟರಿನಲ್ಲಿತ್ತು. ಕಾರ್ಯದರ್ಶಿಯ ಕಂಪ್ಯೂಟರಿನಲ್ಲಿದ್ದ ಫೈಲಿನ ಹೆಸರು ‘ಮನೆಪಟ್ಟಿ ಕೊನೆಯದು ಇದೇ ಸರಿ.’ ಬಣ್ಣದಯ್ಯನಲ್ಲಿದ್ದದ್ದು ‘ಮನೆಪಟ್ಟಿ ಕೊನೆಯದು ಇದೇ ಸರಿ ಮುಟ್ಟಬೇಡಿ.’ ಮನೆಯನ್ನು ಅವರೊಬ್ಬರಿಗೆ ಕೊಟ್ಟಿದ್ದರು, ಇವನೊಬ್ಬರಿಗೆ ಕೊಟ್ಟಿದ್ದ.

ಬಣ್ಣದಯ್ಯ ಅನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ, ಅವನು ಗುಮಾಸ್ತನಾಗಿದ್ದ ಸಂಘದ ಆಫೀಸಿನವರು ಇಟ್ಟದ್ದು. ಸಂಘಕ್ಕೆ ಆರು ಕಟ್ಟಡಗಳು, ಇನ್ನೂರ ಎಂಬತ್ತೆರಡು ಬಾಡಿಗೆ ಮನೆಗಳು. ಮನೆಗೊಂದು ಸಾಲು, ಸಾಲಿಗೊಂದು ಬಣ್ಣ. ಹತ್ತೊಂಬತ್ತು ವರ್ಷ ಕೂತು ಅವನು ಒಟ್ಟು ಹದಿನೆಂಟು ಬಣ್ಣ ತುಂಬಿದ್ದ. ತಿಳಿಹಳದಿ ಅಂದರೆ ಆ ಮನೆಯಲ್ಲಿ ನಾಯಿ ಇದೆ. ಗಾಢಹಳದಿ ಅಂದರೆ ನಾಯಿ ಇದೆ, ಕಚ್ಚುತ್ತದೆ. ನಿಂಬೆಹಳದಿ ಅಂದರೆ ನಾಯಿ ಸತ್ತಿದೆ, ‘ನಾಯಿ ಇದೆ ಎಚ್ಚರಿಕೆ’ ಬೋರ್ಡು ಮಾತ್ರ ಇದೆ. ಕೆನೆಬಣ್ಣ ಅಂದರೆ ಗಂಡಹೆಂಡತಿ ಮಾತು ಬಿಟ್ಟಿದ್ದಾರೆ, ನೋಟಿಸು ಎರಡು ಪ್ರತಿ ಕೊಡಬೇಕು. ಗುಲಾಬಿ ಅಂದರೆ ಕಿವಿ ಕೇಳಿಸುವುದಿಲ್ಲ, ಬೆಲ್ ಒತ್ತಿ ಪ್ರಯೋಜನವಿಲ್ಲ, ಪಕ್ಕದ ಕಿಟಕಿಯ ಮುಂದೆ ನಿಂತು ಕೈಬೀಸಬೇಕು. ಇಡೀ ಶೀಟಿನಲ್ಲಿ ಗುಲಾಬಿ ಇದ್ದದ್ದು ಒಂದೇ ಒಂದು ಸಾಲು: ನಾಲ್ಕನೇ ಕಟ್ಟಡ, ನೆಲಮಹಡಿ, ಒಂಬತ್ತನೇ ನಂಬರು. ಅಲ್ಲಿ ಹೊಲಿಗೆಯಕ್ಕ ಒಬ್ಬರೇ ಇದ್ದು ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುತ್ತಿದ್ದರು.

ಈ ಅರ್ಥಗಳನ್ನು ಬಣ್ಣದಯ್ಯ ಎಲ್ಲೂ ಬರೆದಿಟ್ಟಿರಲಿಲ್ಲ. ಬರೆದಿಟ್ಟರೆ ಯಾರು ಬಂದು ಕೇಳುತ್ತಾರೆ? ಹಾಗೆ ಬಂದು ಕೇಳುವುದೇ ಅವನ ಬಾಳಿನ ಸಂತೋಷವಾಗಿತ್ತು. ಒಮ್ಮೆ ಜ್ವರ ಬಂದು, ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟಿದ್ದಾಗಲೇ ಆಫೀಸಿನಿಂದ ಫೋನು ಬಂತು: “ಮೂರನೇ ಕಟ್ಟಡದ ಆರನೇ ಮನೆ ಯಾಕೆ ಕಂದು ಬಣ್ಣ?” ಬಣ್ಣದಯ್ಯ ಡಾಕ್ಟರಿಗೆ “ಒಂದ್ನಿಮಿಷ” ಎಂದು ಕೈತೋರಿಸಿ, “ಅವರಿಗೆ ಹಿತ್ತಲ ಬಾಗಿಲಿಂದ ಹೋದ್ರೆ ಸಿಟ್ಟು ಬರುತ್ತೆ” ಎಂದು ಉತ್ತರ ಕೊಟ್ಟ. ಔಷಧಿಗಿಂತ ಆ ಫೋನಿನಿಂದಲೇ ಗಂಡನ ಜ್ವರ ಇಳಿಯಿತೆಂದು ಅವನ ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ಮಂಚ ಮತ್ತು ಫ್ರಿಜ್ಜಿನ ಪ್ರಕರಣವಾದ ಮೇಲೆ ಆಡಳಿತ ಮಂಡಳಿ ಸೇರಿ, ಶೀಟುಗಳ ಕಾಲ ಮುಗಿಯಿತು, ಎಲ್ಲರೂ ಒಂದೇ ಕಡೆ ನೋಡುವ, ಒಂದೇ ಕಡೆ ಬರೆಯುವ ಹೊಸ ವ್ಯವಸ್ಥೆ ಬರಲಿ ಎಂದು ತೀರ್ಮಾನಿಸಿತು. ಅದನ್ನು ಹಾಕಿಕೊಡಲು ಒಬ್ಬಳು ಹುಡುಗಿ ಬಂದಳು. ಆಫೀಸಿನವರೆಲ್ಲ ಅವಳನ್ನು ಕಂಪ್ಯೂಟರ್ ಮೇಡಂ ಎಂದು ಕರೆಯತೊಡಗಿದರು. ಅವಳು ಬಂದವಳೇ ಕುರ್ಚಿ ಎಳೆದುಕೊಂಡು ಬಣ್ಣದಯ್ಯನ ಪಕ್ಕ ಕೂತಳು.

“ಸರ್, ಶೀಟ್ ತುಂಬ ನೀಟಾಗಿ ಇಟ್ಟಿದ್ದೀರ. ಸಾಲುಗಳೆಲ್ಲ ಹೊಸದಕ್ಕೆ ಹಾಗೇ ಹೋಗುತ್ವೆ. ಬಣ್ಣ ಮಾತ್ರ ಹೋಗಲ್ಲ. ಈ ಬಣ್ಣಗಳಿಗೆ ಏನಾದ್ರೂ ಅರ್ಥ ಇದೆಯಾ?”

ಬಣ್ಣ ಮಾತ್ರ ಹೋಗಲ್ಲ! ಹತ್ತೊಂಬತ್ತು ವರ್ಷದ ತಪಸ್ಸನ್ನು ಈ ಹುಡುಗಿ ಗೋಡೆಗೆ ಬಳಿದ ಸುಣ್ಣದ ಹಾಗೆ ಕೆರೆದು ಹಾಕುತ್ತಿದ್ದಾಳೆ ಅನ್ನಿಸಿತು ಅವನಿಗೆ.

“ಅರ್ಥ ಏನಿರುತ್ತೆ ಮೇಡಂ. ನೋಡೋಕೆ ಚೆಂದ ಇರ್ಲಿ ಅಂತ.”

“ಹದಿನೆಂಟು ಬಣ್ಣ ಇದೆ ಸರ್.”

“ನಂಗೆ ಬಣ್ಣ ಅಂದ್ರೆ ಮೊದ್ಲಿಂದ ಇಷ್ಟ.”

ಹೀಗೆ ಹೇಳುವಾಗ ಅವನು ಬೂದು ಅಂಗಿ, ಬೂದು ಪ್ಯಾಂಟು, ಅದರ ಮೇಲೆ ಬೂದು ಸ್ವೆಟರು ಹಾಕಿಕೊಂಡಿದ್ದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಸರ್, ಪ್ರತಿ ಮನೆಗೂ ‘ವಿಶೇಷ ಸೂಚನೆ’ ಅಂತ ಒಂದು ಜಾಗ ಇಟ್ಟಿದ್ದೀನಿ. ಯಾರಿಗಾದ್ರೂ ಕಣ್ಣು ಕಾಣಲ್ಲ, ನಡೆಯೋಕಾಗಲ್ಲ, ಅಂಥದ್ದೇನಾದ್ರೂ ಇದ್ರೆ ಹೇಳಿ, ನಾನೇ ಬರ್ಕೋತೀನಿ.”

“ಖಾಲಿ ಬಿಡಿ.”

“ಎಲ್ಲಾನೂ?”

“ಎಲ್ಲಾನೂ.”

ಹಾಗಂತ ಒಂದು ಕಾಗದಕ್ಕೆ ಸಹಿ ಬೇಕೆಂದಳು. ಬಣ್ಣದಯ್ಯ ಹೆಸರಿನ ಕೆಳಗೆ ಎರಡು ಗೆರೆ, ಮೂರು ಚುಕ್ಕಿ ಇರುವ ತನ್ನ ದೊಡ್ಡ ಸಹಿಯನ್ನೇ ಮಾಡಿದ.

ಅವತ್ತು ಮನೆಗೆ ಬಂದು ಕಾಫಿ ಕುಡಿಯುತ್ತ ಇದನ್ನು ಹೇಳಿದಾಗ, ಅಲ್ಲೇ ಕೂತಿದ್ದ ಅವನ ಭಾವಮೈದುನ ತೊಡೆ ತಟ್ಟಿದ. ಭಾವಮೈದುನನಿಗೆ ಸ್ವಂತ ಕೆಲಸ ಅಂತ ಯಾವುದೂ ನೆಟ್ಟಗಿರಲಿಲ್ಲವಾದ್ದರಿಂದ ಬೇರೆಯವರ ಕೆಲಸದ ಬಗ್ಗೆ ಅವನ ತಿಳಿವಳಿಕೆ ಅಗಾಧವಾಗಿತ್ತು.

“ಭೇಷ್ ಭಾವ! ಗುಟ್ಟು ಬಿಟ್ಕೊಟ್ಟಿದ್ರೆ ನಾಳೆಯಿಂದ ನಿಮ್ಮನ್ನ ಕೇಳೋರು ಯಾರು? ನೋಡ್ತಿರಿ, ಒಂದೇ ವಾರ. ‘ಬಣ್ಣದಯ್ಯನೋರೇ, ಕಾಪಾಡಿ’ ಅಂತ ಇಡೀ ಮಂಡಳಿ ಇದೇ ಬಾಗಿಲಿಗೆ ಬರುತ್ತೆ. ಅಕ್ಕಾ, ಕುರ್ಚಿ ಸಾಲಲ್ಲ, ಪಕ್ಕದ ಮನೆಯಿಂದ ಹೇಳಿಟ್ಟಿರು.”

ಹೆಂಡತಿ ಮಾತ್ರ, “ಆ ಒಂದು ವಾರದಲ್ಲಿ ಯಾರಿಗಾದ್ರೂ ತೊಂದ್ರೆ ಆದ್ರೆ?” ಎಂದಳು.

“ಆಗಲಿ ಅಂತಾನೇ ಅಲ್ವೇನೆ” ಎಂದ ಬಣ್ಣದಯ್ಯ. ಎಂದಮೇಲೆ ಅವನಿಗೇ ಆ ಮಾತು ಅಷ್ಟು ಚೆನ್ನಾಗಿ ಕೇಳಿಸಲಿಲ್ಲ. ಕಾಫಿ ಮುಗಿಸಿದ.

ತೊಂದರೆ ಆಯಿತು. ಹೊಸ ವ್ಯವಸ್ಥೆ ಶುರುವಾದ ಮೂರನೇ ದಿನವೇ ನಲ್ಲಿ ರಿಪೇರಿಗೆ ಹೋದ ಪ್ಲಂಬರು ಗಾಢಹಳದಿ ಮನೆಯ ಗೇಟು ತೆಗೆದ. ಮುಂದಿನ ಮುಕ್ಕಾಲು ಗಂಟೆ ಅವನು ನೀರಿನ ತೊಟ್ಟಿಯ ಮುಚ್ಚಳದ ಮೇಲೆ ನಿಂತೇ ಆಫೀಸಿಗೆ ಫೋನು ಮಾಡಬೇಕಾಯಿತು. ಮರುದಿನ ಕೆನೆಬಣ್ಣದ ಮನೆಗೆ ಬಡಗಿ ಹೋದ. ಬಾಗಿಲ ಚೌಕಟ್ಟು ಬದಲಾಯಿಸುತ್ತಾರೆಂಬ ನೋಟಿಸು ಗಂಡನ ಕೈಸೇರಿತ್ತು. ಗಂಡ ಅದನ್ನು ಹೆಂಡತಿಗೆ ಹೇಳಬೇಕಾದರೆ ಮಾತಾಡಬೇಕಲ್ಲ! ಸ್ನಾನ ಮುಗಿಸಿ ಬಂದ ಆಕೆಗೆ ಕಂಡದ್ದು ಯಾರೋ ಒಬ್ಬ ತನ್ನ ಮನೆಯ ಬಾಗಿಲನ್ನೇ ಕಿತ್ತು ಹೆಗಲ ಮೇಲೆ ಇಟ್ಟುಕೊಂಡು ನಡೆಯುತ್ತಿರುವುದು. ಬಡಗಿಯ ಹಣೆಗೆ ನಾಲ್ಕು ಹೊಲಿಗೆ ಬಿತ್ತು.

ಪ್ಲಂಬರು ಕುಂಟುತ್ತ ಬಂದು, “ಅಣ್ಣಾ, ಆ ನಾಯಿ ವಿಷಯ ನಿಮಗೆ ಗೊತ್ತಿತ್ತಲ್ವಾ?” ಎಂದು ಕೇಳಿದ.

“ಕಂಪ್ಯೂಟರಿಗೆ ಗೊತ್ತಿರ್ಬೇಕಲ್ಲಪ್ಪ. ಅದನ್ನ ಕೇಳು” ಎಂದು ಬಣ್ಣದಯ್ಯ ಕಿಟಕಿಯ ಆಚೆ ನೋಡಿದ.

ಆದರೆ ಅವನು ಎಣಿಸಿದ ಹಾಗೆ ಯಾರೂ ಓಡಿ ಬಂದು ಕಾಪಾಡಿ ಅನ್ನಲಿಲ್ಲ. ಕಂಪ್ಯೂಟರ್ ಮೇಡಂ ಪ್ಲಂಬರನ್ನು ಕೂರಿಸಿಕೊಂಡು, ನೀರು ಕುಡಿಸಿ, ಕೇಳಿ ತಿಳಿದು, ‘ನಾಯಿ ಇದೆ, ಕಚ್ಚುತ್ತದೆ’ ಎಂದು ಬರೆದಳು. ಆ ಕ್ಷಣವೇ ಅದು ಎಲ್ಲರ ಫೋನಿನಲ್ಲೂ ಕಾಣಿಸಿತು. ಅಷ್ಟೆ! ಹತ್ತೊಂಬತ್ತು ವರ್ಷದ ಗುಟ್ಟು, ಒಂದು ಲೋಟ ನೀರಿನಲ್ಲಿ ಮುಗಿದುಹೋಯಿತು.

ಆಮೇಲೆ ಅವಳು ಮತ್ತೆ ಅವನ ಮೇಜಿನ ಹತ್ತಿರ ಬಂದಳು.

“ಸರ್, ಇನ್ನೊಂದ್ಸಲ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇಂಥದ್ದು ಇನ್ನೇನಾದ್ರೂ ಇದೆಯಾ?”

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಬಣ್ಣದಯ್ಯನ ಕಣ್ಣ ಮುಂದೆ ಆ ಒಂದೇ ಗುಲಾಬಿ ಸಾಲು ಬಂದು ನಿಂತಿತು. ಬಾಯಿ ತೆರೆದ. ಅದೇ ಹೊತ್ತಿಗೆ ಕಾರ್ಯದರ್ಶಿಗಳು ಆ ಕಡೆಯಿಂದ ಹಾದುಹೋಗುತ್ತ, “ಅವರನ್ನೇನು ಕೇಳ್ತೀರಮ್ಮ, ಇನ್ಮೇಲೆ ಅವರನ್ನ ಕೇಳೋ ಅಗತ್ಯ ಬೀಳಬಾರದು ಅಂತ ತಾನೇ ಇಷ್ಟೆಲ್ಲ ಮಾಡಿರೋದು” ಎಂದು ನಕ್ಕರು.

ಬಣ್ಣದಯ್ಯ ಬಾಯಿ ಮುಚ್ಚಿದ. “ಇಲ್ಲ” ಎಂದ. ಅದೊಂದು ಎರಡಕ್ಷರದ ಮಾತು. ಅದನ್ನು ಹೇಳದೆ ಇನ್ನೊಂದು ಮಾತು ಹೇಳಿದ್ದರೆ ಈ ಕಥೆ ಇಲ್ಲಿಗೇ ನಗುನಗುತ್ತ ಮುಗಿಯುತ್ತಿತ್ತು.

ಮರುವಾರ ಅವನ ಅಕ್ಕನಿಗೆ ಕಣ್ಣಿನ ಆಪರೇಷನ್ ಆಯಿತು. ಬಣ್ಣದಯ್ಯ ಹತ್ತು ದಿನ ರಜೆ ಹಾಕಿ ಅಕ್ಕನ ಊರಿಗೆ ಹೋದ. ಫೋನು ಒಂದು ಸಲವೂ ಹೊಡೆದುಕೊಳ್ಳಲಿಲ್ಲ. ನಾಲ್ಕನೇ ದಿನ ಅವನೇ ಆಫೀಸಿಗೆ ಮಾಡಿ, “ಏನಾದ್ರೂ ಕೇಳೋದಿತ್ತಾ?” ಎಂದ. ಏನೂ ಇರಲಿಲ್ಲ.

ಆ ಹತ್ತು ದಿನಗಳಲ್ಲೇ ನಾಲ್ಕನೇ ಕಟ್ಟಡದ ಪೈಪುಗಳ ತಪಾಸಣೆ ಬಂತು. ತಪಾಸಣೆಯವನು ಒಂಬತ್ತನೇ ನಂಬರಿನ ಬೆಲ್ ಒತ್ತಿದ. ಒಳಗೆ ಹೊಲಿಗೆಯಕ್ಕ ಬಾಗಿಲಿಗೆ ಬೆನ್ನು ಹಾಕಿ, ಪಕ್ಕದ ಗೋಡೆಯ ಕಿಟಕಿಯಿಂದ ಹೆಗಲ ಮೇಲಾಗಿ ಬೀಳುವ ಬೆಳಕಿಗೆ ಬಟ್ಟೆ ಹಿಡಿದು ಮಷೀನು ತುಳಿಯುತ್ತಿದ್ದರು. ‘ಉತ್ತರವಿಲ್ಲ’ ಎಂದು ಅವನು ಫೋನಿನಲ್ಲಿ ಒತ್ತಿದ. ಎರಡು ದಿನ ಬಿಟ್ಟು ಮತ್ತೆ ಬಂದ, ಮತ್ತೆ ಉತ್ತರವಿಲ್ಲ. ಮೂರನೇ ಸಲವೂ ಇಲ್ಲ. ಎಚ್ಚರಿಕೆ ಪತ್ರವನ್ನು ಮೆಟ್ಟಿಲ ಕೆಳಗಿನ ಅಂಚೆ ಪೆಟ್ಟಿಗೆಗೆ ಹಾಕಿದರು. ಹೊಲಿಗೆಯಕ್ಕ ಆ ಪೆಟ್ಟಿಗೆ ತೆಗೆದು ವರ್ಷಗಳೇ ಆಗಿತ್ತು. ಅವರ ಕಾಗದಗಳನ್ನೆಲ್ಲ ಬಣ್ಣದಯ್ಯನೇ ತಂದು ಕಿಟಕಿಯಲ್ಲಿ ಕೈಬೀಸಿ ಕೊಡುತ್ತಿದ್ದನಲ್ಲ. ಮಂಡಳಿ ಒಂದು ನಿಯಮ ಮಾಡಿತ್ತು: ಮೂರು ಸಲ ಉತ್ತರವಿಲ್ಲ, ಪತ್ರಕ್ಕೂ ಉತ್ತರವಿಲ್ಲ ಅಂದರೆ ಮನೆ ‘ಖಾಲಿ’. ಹೊಸ ವ್ಯವಸ್ಥೆ ತನಗೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತು.

ಹೊಲಿಗೆಯಕ್ಕ ತೋಳಿನ ಅಳತೆ ನೋಡಲು ಶಾಲೆಗೆ ಹೋಗಿದ್ದ ದಿನವೇ ಬೀಗದವನೂ ಕಾರ್ಯದರ್ಶಿಗಳೂ ಬಂದು ಬಾಗಿಲು ತೆಗೆಸಿದರು. ಒಳಗೆ ನೋಡಿದರೆ ಹಗ್ಗದ ಮೇಲೆ, ಕುರ್ಚಿಯ ಮೇಲೆ, ಮಂಚದ ಮೇಲೆ ಎಲ್ಲೆಲ್ಲೂ ಒಂದೇ ಥರದ ನೀಲಿ ಚಡ್ಡಿ, ಬಿಳಿ ಅಂಗಿ, ಇನ್ನೂರಕ್ಕೂ ಹೆಚ್ಚು, ಎಲ್ಲ ಮಕ್ಕಳ ಅಳತೆಯವು. ಕಾರ್ಯದರ್ಶಿಗಳು ಗಲ್ಲ ಕೆರೆದುಕೊಂಡು ಯೋಚಿಸಿದರು.

“ಇನ್ನೂರು ಮಕ್ಕಳು ಒಂದೇ ರೂಮಲ್ಲಿ ಇರೋಕೆ ಸಾಧ್ಯ ಇಲ್ಲ. ದೊಡ್ಡವರ ಬಟ್ಟೆ ಕಾಣ್ತಿಲ್ಲ. ಇದು ಗೋಡೌನು!”

ಸಾಮಾನೆಲ್ಲ ನೆಲಮಾಳಿಗೆಗೆ ಹೋಯಿತು. ಬಾಗಿಲಿಗೆ ಹೊಸ ಬೀಗ ಬಂತು.

ಮಧ್ಯಾಹ್ನ ಹೊಲಿಗೆಯಕ್ಕ ಬಂದರು. ಕೀಲಿಕೈ ತಿರುಗಲಿಲ್ಲ. ವಾಚ್‌ಮನ್‌ನನ್ನು ಕರೆದರು, ವಾಚ್‌ಮನ್ ಕಾರ್ಯದರ್ಶಿಗಳನ್ನು ಕರೆದ, ಅಕ್ಕಪಕ್ಕದವರು ಯಾರೂ ಕರೆಯದೆಯೇ ಬಂದರು.

“ಈ ಮನೆ ಖಾಲಿ ಇದೆ ತಾಯಿ” ಎಂದರು ಕಾರ್ಯದರ್ಶಿಗಳು.

ಹೊಲಿಗೆಯಕ್ಕ ಅವರ ತುಟಿಯನ್ನೇ ನೋಡುತ್ತಿದ್ದರು. “ಖಾಲಿ ಹೇಗಾಗುತ್ತೆ? ನಾನಿದ್ದೀನಲ್ಲಪ್ಪ.”

“ನೀವು ಇಲ್ಲ ಅಂತ ಇದೆ.”

“ಯಾರು ಹಾಗಂದೋರು?”

“ಸಿಸ್ಟಮ್ಮು.”

“ಅವನ್ಯಾರು? ಕರೀರಿ ಅವನನ್ನ. ನನ್ನ ಮುಖ ನೋಡಿ ಹೇಳ್ಲಿ.”

ಎದುರುಮನೆಯಾಕೆ, “ಹನ್ನೆರಡು ವರ್ಷದಿಂದ ನೋಡ್ತಿದ್ದೀನಿ ಸ್ವಾಮಿ, ಈಕೆ ಇಲ್ಲೇ ಇದ್ದಾರೆ” ಎಂದಳು.

“ಬರವಣಿಗೇಲಿ ಕೊಡಿ.”

ಮೇಲಿನ ಮಹಡಿಯವನು ಮೆಟ್ಟಿಲಿಂದಲೇ ಬಗ್ಗಿ, “ಖಾಲಿ ಆಗಿರೋದು ನಿಜ ಆದ್ರೆ ನಮ್ಮ ತಮ್ಮನಿಗೆ ಕೊಡ್ತೀರಾ?” ಎಂದು ಕೇಳಿದ. ಸುತ್ತ ನಿಂತವರು ನಕ್ಕರು. ಆ ನಗು ಹೊಲಿಗೆಯಕ್ಕನಿಗೆ ಕೇಳಿಸಲಿಲ್ಲ, ಆದರೆ ಕಾಣಿಸಿತು. ಅವರು ತಮ್ಮ ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಮೆಟ್ಟಿಲ ಮೇಲೆ ಕೂತರು. ಸಂಜೆ ತಂಗಿಯ ಮಗಳು ಬಂದು ಕರೆದುಕೊಂಡು ಹೋದಳು.

ಎರಡು ದಿನದ ಮೇಲೆ ಕಂಪ್ಯೂಟರ್ ಮೇಡಂ ಎದುರುಮನೆಯಾಕೆಯ ಕಾಗದ ಓದಿ, ಓಡಿಬಂದು, ತಪ್ಪು ತಿದ್ದಿ, ಬಾಗಿಲು ತೆಗೆಸಿದಳು. ಅಷ್ಟರಲ್ಲಿ ಪೈಪು ತಪಾಸಣೆಯವರು ನೆಲಮಾಳಿಗೆಯ ದೊಡ್ಡ ಪೈಪನ್ನು ಬಿಚ್ಚಿ ನೀರು ಬಿಟ್ಟಾಗಿತ್ತು. ಇನ್ನೂರು ಜೊತೆ ಸಮವಸ್ತ್ರವೂ ತುಕ್ಕಿನ ನೀರಿನಲ್ಲಿ ಒಂದು ರಾತ್ರಿ ನೆನೆದು, ನೀಲಿ ಯಾವುದು ಬಿಳಿ ಯಾವುದು ತಿಳಿಯದಂತೆ ಕೆಂಪಾಗಿದ್ದವು. ಶಾಲೆ ತೆರೆಯುವ ದಿನ ಬಂದೇಬಿಟ್ಟಿತ್ತು. ಶಾಲೆಯವರು ಬೇರೆ ಕಡೆ ನೋಡಿಕೊಂಡರು.

ಬಣ್ಣದಯ್ಯ ರಜೆ ಮುಗಿಸಿ ಬಂದಾಗ ಆಡಳಿತ ಮಂಡಳಿಯ ತುರ್ತು ಸಭೆ ಸೇರಿತ್ತು. ಬಾಗಿಲಲ್ಲೇ ಅವನ ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಯಾವತ್ತೂ ನಿಂತೇ ಮಾತು ಕೇಳುತ್ತಿದ್ದವನಿಗೆ ಅಧ್ಯಕ್ಷರ ಪಕ್ಕದಲ್ಲಿ ಕುರ್ಚಿ!

“ನಾವು ನಿಮ್ಮ ಬೆಲೆ ತಿಳೀಲಿಲ್ಲ” ಎಂದರು ಅಧ್ಯಕ್ಷರು, ದನಿ ತುಂಬಿ. “ಈ ಯಂತ್ರಕ್ಕೆ ಮನುಷ್ಯರು ಕಾಣಲ್ಲ. ಇವತ್ತೇ ತೆಗೆದು ಹಾಕ್ತೀವಿ. ನಾಳೆಯಿಂದ ಮತ್ತೆ ನಿಮ್ಮ ಶೀಟು. ಈ ಹುಡುಗಿಯ ಮೇಲೂ ಕ್ರಮ ತಗೋತೀವಿ.”

ಮೂಲೆಯಲ್ಲಿ ಕಂಪ್ಯೂಟರ್ ಮೇಡಂ ಕೂತಿದ್ದಳು. ಅವನು ಸಹಿ ಮಾಡಿಕೊಟ್ಟ ಕಾಗದ ಅವಳ ಮಡಿಲಲ್ಲಿತ್ತು. ಅವಳು ಅದನ್ನು ಎತ್ತಿ ತೋರಿಸಲಿಲ್ಲ. ಅತ್ತು ಮುಖ ತೊಳೆದುಕೊಂಡು ಬಂದವರ ಹಾಗೆ ಕಾಣುತ್ತಿದ್ದಳು.

ಭಾವಮೈದುನ ಹೇಳಿದ್ದ ದಿನ ಇದೇ. ಇಡೀ ಮಂಡಳಿ, ಕುರ್ಚಿ, ಹೊಗಳಿಕೆ, ಎಲ್ಲ ಬಂದಿತ್ತು. ಬಣ್ಣದಯ್ಯ ಎದ್ದು ನಿಂತ.

“ಸರ್, ಯಂತ್ರದ್ದು ತಪ್ಪಿಲ್ಲ. ಆ ಸಾಲು ಗುಲಾಬಿ.”

“ಅಂದ್ರೆ?”

“ಕಿವಿ ಕೇಳ್ಸಲ್ಲ ಅಂತ ಅರ್ಥ. ನಂಗೆ ಗೊತ್ತಿತ್ತು. ಈ ಮೇಡಂ ಕೇಳಿದ್ರು. ಒಂದ್ಸಲ ಅಲ್ಲ, ಮತ್ತೆ ಮತ್ತೆ ಕೇಳಿದ್ರು. ನಾನು ಅರ್ಥ ಇಲ್ಲ ಅಂದೆ.”

ಸಭೆಯಲ್ಲಿ ಎದ್ದ ಪ್ರಶ್ನೆ ಅವನು ಎದುರು ನೋಡಿದ್ದಲ್ಲ.

“ಹಾಗಾದ್ರೆ ಉಳಿದ ಬಣ್ಣಕ್ಕೂ ಅರ್ಥ ಇದೆಯಾ?” ಎಂದರು ಅಧ್ಯಕ್ಷರು. ಅವರೂ ಸಂಘದ ಮನೆಯಲ್ಲೇ ಇದ್ದವರು. “ನಮ್ಮನೆ ಯಾವ ಬಣ್ಣ?”

“ಬೇಡ ಸರ್.”

“ಹೇಳ್ರೀ.”

“ಬೂದು ಸರ್.”

“ಬೂದು ಅಂದ್ರೆ?”

“ಕೂತ್ಕೊಂಡ್ರೆ ಒಂದು ಗಂಟೆ ಬಿಡಲ್ಲ, ನಿಂತೇ ಮಾತಾಡಿ ಬರ್ಬೇಕು ಅಂತ.”

ಖಜಾಂಚಿ ಕೆಮ್ಮಿದರು. ಖಜಾಂಚಿಯ ಮನೆ ತಿಳಿಹಸಿರು, ಅಂದರೆ ‘ಒಳಗಿದ್ದುಕೊಂಡೇ ಇಲ್ಲ ಅಂತ ಹೇಳಿಸುತ್ತಾರೆ.’ ಕಾರ್ಯದರ್ಶಿಗಳದ್ದು ಕಿತ್ತಳೆ. ಅದರ ಅರ್ಥ ಹೇಳಿಸಬೇಡಿ ಎಂದು ಬಣ್ಣದಯ್ಯ ಎಷ್ಟು ಬೇಡಿಕೊಂಡರೂ ಅವರು ಬಿಡಲಿಲ್ಲ. ಹೇಳಿದ ಮೇಲೆ ಕಾರ್ಯದರ್ಶಿಗಳು ಒಂದು ತಿಂಗಳು ಅವನ ಜೊತೆ ಮಾತು ಬಿಟ್ಟರು. ಹೀಗೆ ಹದಿನೆಂಟೂ ಬಣ್ಣಗಳು, ಒಂದೊಂದಾಗಿ, ಸಭೆಯ ನಡವಳಿಯಲ್ಲಿ ದಾಖಲಾದವು. ಒಬ್ಬರು ಸಿಟ್ಟಿಗೆದ್ದರೆ ನಾಲ್ವರು ನಕ್ಕರು. ಕಂಪ್ಯೂಟರ್ ಮೇಡಂ ನಗಲಿಲ್ಲ. ಅವಳು ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದ್ದಳು. ಹೊಸ ವ್ಯವಸ್ಥೆ ಉಳಿಯಿತು, ಅವಳೂ ಉಳಿದಳು. ಬಣ್ಣದಯ್ಯನ ಕೆಲಸವನ್ನೂ ಯಾರೂ ಕಿತ್ತುಕೊಳ್ಳಲಿಲ್ಲ. ಕಿತ್ತುಕೊಂಡಿದ್ದರೆ ಒಳ್ಳೆಯದಿತ್ತು ಎಂದು ಅವನು ಹೆಂಡತಿಯ ಹತ್ತಿರ ಹೇಳಿದ. ಅವಳು ಹೊಲಿಗೆಯಕ್ಕನ ವಿಳಾಸ ಸಿಕ್ಕಿತಾ ಎಂದು ಕೇಳಿದಳು.

ಊರಿನ ಇನ್ನೊಂದು ತುದಿಯಲ್ಲಿ, ಎರಡನೇ ಮಹಡಿಯಲ್ಲಿ, ತಂಗಿಯ ಮಗಳ ಮನೆಯ ಮುಂಕೋಣೆ. ಬಾಗಿಲು ತೆರೆದಿತ್ತು. ಅವನು ಹೊಸ್ತಿಲ ಹತ್ತಿರ ಬರುವ ಮೊದಲೇ ಹೊಲಿಗೆಯಕ್ಕ ಕಂಡು, “ಬಾಪ್ಪ” ಎಂದರು. ಮಷೀನು ಅದೇ, ಚಕ್ರಕ್ಕೆ ತುಕ್ಕು ಹಿಡಿದಿತ್ತು.

ಬಣ್ಣದಯ್ಯ ಸ್ಟೂಲಿನ ಮೇಲೆ ಕೂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನು ನೆಲ ನೋಡುತ್ತ, ಮೆಲ್ಲಗೆ, ಒಂದೂ ಬಿಡದೆ ಹೇಳಿದ. ಬಣ್ಣದ ವಿಷಯ, ಸಹಿಯ ವಿಷಯ, ಬಾಯಿವರೆಗೆ ಬಂದು ನಿಂತ ಮಾತಿನ ವಿಷಯ. ಹೇಳಿ ಮುಗಿಸಿ ಎದೆ ಹಗುರಾಗಲಿ ಎಂದು ಕಾದ.

“ತಲೆ ಎತ್ತಿ ಹೇಳಪ್ಪ” ಎಂದರು ಹೊಲಿಗೆಯಕ್ಕ. “ತುಟಿ ಕಾಣ್ಲಿಲ್ಲ. ಏನಂದೆ?”

ಅವನಿಗೆ ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಈ ಸಲ ಅವರ ಕಣ್ಣಲ್ಲಿ ಕಣ್ಣಿಟ್ಟು, ಒಂದೊಂದೇ ಪದ ಬಿಡಿಸಿ. ಸಂಕೋಚಕ್ಕೆ ದನಿ ತಾನಾಗಿ ಏರಿತು. ಪಕ್ಕದ ಮನೆಯವರು ಬಾಗಿಲಿಗೆ ಬಂದರು, ಕೆಳಗೆ ತರಕಾರಿ ಮಾರುವವನು ತಕ್ಕಡಿ ಹಿಡಿದು ಮೇಲೆ ನೋಡಿದ. “ನಂಗೆ ಗೊತ್ತಿದ್ದೂ ಹೇಳ್ಲಿಲ್ಲ!” ಎಂದು ಬಣ್ಣದಯ್ಯ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ. ಕೇಳಿಸದೇ ಇದ್ದದ್ದು ಅವರೊಬ್ಬರಿಗೇ. ಅವರು ನೋಡಿ ತಿಳಿದುಕೊಂಡರು.

“ನೀನು ಹೇಳಿರ್ತೀಯ ಅಂದ್ಕೊಂಡಿದ್ದೆ” ಎಂದರು ಕೊನೆಗೆ. “ಹೇಳಿದ್ರೂ ಅವರು ಹೀಗೆ ಮಾಡಿದ್ರಲ್ಲ ಅಂತ ಅವರ ಮೇಲೆ ಸಿಟ್ಟು ಇಟ್ಕೊಂಡಿದ್ದೆ.”

“ವಾಪಸ್ ಬನ್ನಿ ಅಕ್ಕಾ. ಅದೇ ಮನೆ. ಎಲ್ಲ ಬರ್ದಿಟ್ಟಿದ್ದೀವಿ ಈಗ. ಯಾರೇ ಬಂದ್ರೂ ಕಿಟಕಿ ಹತ್ರ ಬರ್ತಾರೆ. ಬಾಗಿಲಿಗೊಂದು ದೀಪಾನೂ ಹಾಕಿಸ್ತಾರಂತೆ. ಬೆಲ್ ಒತ್ತಿದ್ರೆ ಒಳಗೆ ಹತ್ತುತ್ತೆ.”

“ಒಳ್ಳೇದಾಯ್ತು. ಮುಂದೆ ಬರೋರಿಗೆ ಅನುಕೂಲ ಆಗುತ್ತೆ” ಎಂದರು ಅವರು. ಆಮೇಲೆ ಬಟ್ಟೆ ಕೈಗೆತ್ತಿಕೊಂಡರು. “ಅಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತ್ಕೋತಿದ್ದೆ ನೋಡು. ಬೆಳಕು ಹಾಗೇ ಬೀಳೋದು. ಹಿಂದೆ ಯಾರು ಬಂದ್ರು, ಯಾರು ಹೋದ್ರು ಅಂತ ಒಂದು ದಿನಾನೂ ಯೋಚ್ನೆ ಮಾಡಿರ್ಲಿಲ್ಲ. ಈಗ ಆಗಲ್ಲಪ್ಪ.”

ಆಗ ಬಣ್ಣದಯ್ಯ ಗಮನಿಸಿದ. ಮಷೀನನ್ನು ಬಾಗಿಲಿಗೆ ಮುಖಮಾಡಿ ಇಟ್ಟಿದ್ದರು. ಕಿಟಕಿ ಅವರ ಬೆನ್ನ ಹಿಂದೆ ಇತ್ತು. ಅವರ ನೆರಳೇ ಸೂಜಿಯ ಮೇಲೆ ಬಿದ್ದು, ಹೊಲಿಗೆ ಅಲ್ಲಲ್ಲಿ ಸೊಟ್ಟಗೆ ಹೋಗಿತ್ತು. ಹೇಳಬೇಕೆಂದುಕೊಂಡ, ಹೇಳಲಿಲ್ಲ. ಅವರಿಗೆ ಗೊತ್ತಿರದೆ ಇರುತ್ತದೆಯೇ?

ಏಳುವಾಗ ಅವನು ಅಭ್ಯಾಸಬಲದಿಂದ ಬಾಗಿಲು ಎಳೆದುಕೊಳ್ಳಲು ಹೋದ.

“ಹಾಕ್ಬೇಡ” ಎಂದರು ಹೊಲಿಗೆಯಕ್ಕ. “ತೆರೆದೇ ಇರ್ಲಿ.”

ಅವನು ಬಾಗಿಲನ್ನು ಗೋಡೆಯವರೆಗೂ ಪೂರ್ತಿ ತೆರೆದು, ಅದು ಗಾಳಿಗೆ ಮುಚ್ಚಿಕೊಳ್ಳದ ಹಾಗೆ ಕೆಳಗೆ ಅಲ್ಲೇ ಬಿದ್ದಿದ್ದ ಹಳೆ ಚಪ್ಪಲಿಯೊಂದನ್ನು ಸಿಕ್ಕಿಸಿದ. ಮೆಟ್ಟಿಲಿಳಿಯುವ ಮುನ್ನ ತಿರುಗಿ ನೋಡಿದ. ಮಷೀನು ನಡೆಯುತ್ತಿತ್ತು. ಹೊಲಿಗೆಯಕ್ಕ ಸೂಜಿಯನ್ನು ನೋಡುತ್ತಿರಲಿಲ್ಲ.